ದೀಪಾ ಯಾರು? ಒಂದು ಡಾನ್ಸ್ ಹಾಡು ಕಟ್ಟಿದ, ಕೆಡಿಸಿದ, ರಿಪೇರಿ ಮಾಡಿದ ಲೆಕ್ಕ

ಈ ಹಾಡಿನ ಫೋಲ್ಡರ್‌ನಲ್ಲಿ ಈಗ 14 ಫೈಲುಗಳಿವೆ. ಎಂಟನೆಯದರ ಹೆಸರು 'ಫೈನಲ್'. ಒಂಬತ್ತನೆಯದು 'ಫೈನಲ್ ನಿಜವಾಗ್ಲೂ'. ಹತ್ತನೆಯದನ್ನು ಜನರ ಮುಂದೆ ಹಾಕಿ ಮಾನ ಕಳೆದುಕೊಂಡೆ. ಹದಿನಾಲ್ಕನೆಯದು ಈಗ ಹೊರಗೆ ಓಡಾಡುತ್ತಿದೆ. ನಡುವೆ ಏನೇನಾಯಿತು ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದಿನ ಹಾಡಿಗೆ ಮೊದಲು ನನಗೇ ಬೇಕಾಗುತ್ತದೆ.

ಸಾಮಾನು ಹೆಚ್ಚೇನಿಲ್ಲ. ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಶೂರ್ ಎಸ್‌ಎಂ58 ಮೈಕ್, 25 ಕೀಗಳ ಪುಟ್ಟ ಮಿಡಿ ಕೀಬೋರ್ಡ್, ಒಂದು ಹೆಡ್‌ಫೋನ್. ಸಿಂಥ್‌ಗೆ, ಅಂದರೆ ವಾದ್ಯದ ಸದ್ದು ಹುಟ್ಟಿಸಲು, ವೈಟಲ್ ಅನ್ನುವ ಸಾಫ್ಟ್‌ವೇರ್, ಅದರ ಉಚಿತ ಆವೃತ್ತಿಯೇ ಸಾಕಾಯಿತು. ಸ್ಟುಡಿಯೋ ಸ್ಪೀಕರ್ ಇಲ್ಲ. ಪೂರ್ತಿ ಹಾಡನ್ನು ಹೆಡ್‌ಫೋನ್‌ನಲ್ಲೇ ಮಾಡಿದೆ. ಈ ಮಾತು ನೆನಪಿರಲಿ, ಎಡವಿದ್ದು ಇಲ್ಲೇ.

1ರಿಂದ 3: ಕಿಕ್ಕು, ಬೇಸು

ವೇಗ 124 ಬಿಪಿಎಂ (ನಿಮಿಷಕ್ಕೆ 124 ಬೀಟ್) ಇಟ್ಟೆ. ಅಂದರೆ ಒಂದು ಬೀಟ್‌ಗೆ 484 ಮಿಲಿಸೆಕೆಂಡ್, ಅರ್ಧ ಬೀಟ್‌ಗೆ 242, ಕಾಲು ಬೀಟ್‌ಗೆ 121. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿದ್ದೆ. ಡಿಲೇ (ಪ್ರತಿಧ್ವನಿ), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು), ಕಿಕ್‌ನ (ದೊಡ್ಡ ಡ್ರಮ್ಮಿನ ಗುದ್ದಿನ) ಉದ್ದ, ಎಲ್ಲದಕ್ಕೂ ಇದೇ ಅಳತೆಗೋಲು.

ಮೊದಲು ಟಿಆರ್-808ರ ಕಿಕ್ ಹಾಕಿ ನೋಡಿದೆ. ಅದು 1980ರ ಡ್ರಮ್ ಮಷೀನ್. ಅದರ ಕಿಕ್‌ಗೆ ಉದ್ದ ಬಾಲ. ನಿಧಾನದ ಹಾಡಿಗೆ ಬಹಳ ಚೆನ್ನ. ಇಲ್ಲಿ ಒಂದು ಕಿಕ್‌ನ ಬಾಲ ಮುಗಿಯುವಷ್ಟರಲ್ಲಿ ಮುಂದಿನ ಕಿಕ್ ಬಂದುಬಿಡುತ್ತಿತ್ತು. ಬೇಸ್‌ಗೆ ಕಾಲಿಡಲೂ ಜಾಗವಿಲ್ಲ. ಕೊನೆಗೆ 1983ರ ಟಿಆರ್-909ಕ್ಕೆ ಬಂದೆ. ಮೊದಲಲ್ಲಿ ಒಂದು 'ಟಕ್', ಆಮೇಲೆ ಗಟ್ಟಿ ಗುದ್ದು, ಅಷ್ಟೇ. ಬಾಲವನ್ನು ಇನ್ನೂ ಕತ್ತರಿಸಿ 180 ಮಿಲಿಸೆಕೆಂಡ್‌ಗೆ ತಂದೆ. ಹೈ-ಹ್ಯಾಟ್ (ಚಿಕ್ಕ ತಾಳದ ಛಿಕ್ ಸದ್ದು) ಕೂಡ 909ರದ್ದೇ. ಆ ಮಷೀನ್‌ನಲ್ಲಿ ಕಿಕ್ ಪೂರ್ತಿ ಅನಲಾಗ್, ಹ್ಯಾಟ್ 6 ಬಿಟ್‌ನ ಸ್ಯಾಂಪಲ್, ಅಂದರೆ ಒರಟಾದ ಡಿಜಿಟಲ್ ರೆಕಾರ್ಡಿಂಗ್. ಅದಕ್ಕೇ ಮರಳು ಉಜ್ಜಿದ ಹಾಗೆ ಕೇಳುತ್ತದೆ. ನನಗೆ ಆ ಮರಳೇ ಇಷ್ಟ.

ಹಾಡು ಎಫ್ ಮೈನರ್. ಬೇಸ್‌ನ ಮೂಲ ಸ್ವರ 43.65 ಹರ್ಟ್ಸ್. ಎರಡನೇ ಫೈಲ್‌ನಲ್ಲಿ ಮೊದಲ ಪೀಡೆ ಶುರುವಾಯಿತು. ನಾಲ್ಕಾರು ಬಾರ್‌ಗೊಮ್ಮೆ (ಒಂದು ಬಾರ್‌ಗೆ ನಾಲ್ಕು ಬೀಟ್) ಒಂದು ಕಿಕ್ ಮಾತ್ರ ಬಡಕಲಾಗಿ ಕೇಳುತ್ತಿತ್ತು. ಇಂಥದ್ದೇ ಕಿಕ್ ಅಂತಿಲ್ಲ. ಪ್ರತಿ ಸಲ ಪ್ಲೇ ಮಾಡಿದಾಗಲೂ ಬೇರೆ ಬೇರೆ ಕಡೆ. ಸ್ಯಾಂಪಲ್ ಬದಲಾಯಿಸಿದೆ. ವೆಲಾಸಿಟಿ (ಎಷ್ಟು ಗಟ್ಟಿಯಾಗಿ ಬಡಿದಿದೆ ಅನ್ನುವುದು) ನೋಡಿದೆ, ಎಲ್ಲವೂ ಒಂದೇ. ಲ್ಯಾಪ್‌ಟಾಪ್‌ಗೆ ಸುಸ್ತಾಗಿದೆ ಅಂದುಕೊಂಡು ಬಫರ್ ಜಾಸ್ತಿ ಮಾಡಿದೆ. ಅರ್ಧ ದಿನ ಹೀಗೇ ಹೋಯಿತು.

ಆಮೇಲೆ ಕಿಕ್, ಬೇಸ್ ಎರಡೂ ಟ್ರ್ಯಾಕ್‌ಗಳನ್ನು ರೆಕಾರ್ಡ್ ಆದ ಆಡಿಯೋ ಮಾಡಿ, ಒಂದರ ಕೆಳಗೊಂದು ಇಟ್ಟು, ಹಿಗ್ಗಿಸಿ ನೋಡಿದೆ. ಚೆನ್ನಾಗಿ ಕೇಳುವ ಜಾಗದಲ್ಲಿ ಕಿಕ್‌ನ ಅಲೆ ಮೇಲೆ ಹೋದಾಗ ಬೇಸ್‌ನ ಅಲೆಯೂ ಮೇಲೆ. ಬಡಕಲು ಜಾಗದಲ್ಲಿ ಕಿಕ್ ಮೇಲೆ, ಬೇಸ್ ಕೆಳಗೆ. ಒಂದನ್ನೊಂದು ತಿನ್ನುತ್ತಿದ್ದವು. 43.65 ಹರ್ಟ್ಸ್‌ನ ಒಂದು ಅಲೆ ಸುಮಾರು 23 ಮಿಲಿಸೆಕೆಂಡ್ ಉದ್ದ. ಅದರರ್ಧ, ಹನ್ನೊಂದೂವರೆ ಮಿಲಿಸೆಕೆಂಡ್ ಆಚೀಚೆಯಾದರೆ ಸಾಕು, ಕೂಡಬೇಕಾದದ್ದು ಕಳೆದುಹೋಗುತ್ತದೆ. ಕಾರಣ ಸಿಂಥ್‌ನೊಳಗಿತ್ತು. ಅಲೆ ಹುಟ್ಟಿಸುವ ಆಸಿಲೇಟರ್‌ನಲ್ಲಿ ಫೇಸ್ ರ‍್ಯಾಂಡಮ್ ಅನ್ನುವ ಗುಂಡಿ 100 ಪರ್ಸೆಂಟ್‌ನಲ್ಲಿತ್ತು. ಪ್ರತಿ ಸ್ವರವೂ ಅಲೆಯ ಯಾವುದೋ ಒಂದು ಜಾಗದಿಂದ ಶುರು. ಅದನ್ನು ಸೊನ್ನೆ ಮಾಡಿದೆ. ಎಲ್ಲ ಕಿಕ್ ಒಂದೇ ತೂಕಕ್ಕೆ ಬಂದವು. ಅರ್ಧ ದಿನದ ಪೀಡೆಗೆ ಒಂದು ಗುಂಡಿ!

ಇನ್ನು ಸೈಡ್‌ಚೈನ್. ಕಿಕ್ ಬಂದಾಗಲೆಲ್ಲ ಬೇಸ್ ತಗ್ಗಿ ದಾರಿ ಬಿಡಬೇಕು, ಆಮೇಲೆ ಎದ್ದು ಬರಬೇಕು. ಎಷ್ಟು ಬೇಗ ಏಳಬೇಕು ಅನ್ನುವುದರಲ್ಲೇ ಹಾಡಿನ ಕುಣಿತ ಇರುವುದು. ರಿಲೀಸ್ (ಮತ್ತೆ ಏಳುವ ಸಮಯ) 20 ಮಿಲಿಸೆಕೆಂಡ್ ಇಟ್ಟೆ, ಬೇಸ್ ಗರಗರ ಅಂದಿತು. ಒಂದು ಅಲೆ ಮುಗಿಯುವ ಮೊದಲೇ ಕಂಪ್ರೆಸರ್ ಅದರ ಆಕಾರ ಬದಲಾಯಿಸುತ್ತಿತ್ತು. 400 ಇಟ್ಟೆ, ಬೇಸ್ ಏಳಲೇ ಇಲ್ಲ. ಚೀಟಿ ನೋಡಿದೆ. ಅರ್ಧ ಬೀಟ್ 242ರಲ್ಲಿ ಬರುತ್ತದೆ, ಅಷ್ಟರೊಳಗೆ ಬೇಸ್ ಪೂರ್ತಿ ಎದ್ದಿರಬೇಕು. 190ಕ್ಕೆ ನಿಲ್ಲಿಸಿದೆ. ಕುರ್ಚಿಯಲ್ಲಿ ಕೂತಿದ್ದವನ ಭುಜ ತಾನಾಗೇ ಅಲುಗಿತು. ಈ ಕೆಲಸದಲ್ಲಿ ನಾನು ನಂಬುವ ಮೀಟರ್ ಅದೊಂದೇ.

ಬೇಸ್‌ನ ಮೇಲ್ಭಾಗಕ್ಕೆ, 200 ಹರ್ಟ್ಸ್‌ಗಿಂತ ಮೇಲಿನದಕ್ಕೆ ಮಾತ್ರ, 121 ಮಿಲಿಸೆಕೆಂಡ್‌ನ ಒಂದೇ ಒಂದು ಡಿಲೇ ಕೊಟ್ಟೆ. ಇದು ಹಳೇ ಉಪಾಯ. 1977ರಲ್ಲಿ ಇಟಲಿಯ ಸಂಗೀತ ನಿರ್ಮಾಪಕ ಜಾರ್ಜಿಯೊ ಮೊರೊಡರ್ 'ಐ ಫೀಲ್ ಲವ್' ಹಾಡಿನಲ್ಲಿ ಮೂಗ್ ಸಿಂಥ್‌ನ ಬೇಸ್ ಅನ್ನು ಒಂದು ಕಿವಿಗೂ ಅದರ ಪ್ರತಿಧ್ವನಿಯನ್ನು ಇನ್ನೊಂದು ಕಿವಿಗೂ ಕೊಟ್ಟು ಕುದುರೆ ಓಡಿಸಿದ್ದರು. ನನ್ನದು ಕುದುರೆಯಲ್ಲ, ಕತ್ತೆಮರಿ ಅನ್ನಬಹುದು. ಆದರೂ ಓಡಿತು.

4: ಮಾತು

ಡಾನ್ಸ್ ಹಾಡಿಗೆ ಕನ್ನಡ ಕೂರುವುದಿಲ್ಲ ಅನ್ನುವವರಿದ್ದಾರೆ. ನಮ್ಮ ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ, ಇಂಗ್ಲಿಷ್‌ನ ಹಾಗೆ ಟಕ್ ಅಂತ ನಿಲ್ಲುವುದಿಲ್ಲ, ಜಾರಿಹೋಗುತ್ತವೆ ಅನ್ನುವುದು ಅವರ ವಾದ. ನಾನೂ ಹಾಗೇ ಅಂದುಕೊಂಡಿದ್ದೆ. ಕೂತು ಬರೆದ ಮೇಲೆ ಗೊತ್ತಾಯಿತು, ಪದದ ಕೊನೆ ನೋಡುತ್ತಾ ಕೂತರೆ ಹಾಗನ್ನಿಸುತ್ತದೆ. ನಮ್ಮ ಗುದ್ದು ಇರುವುದು ಪದದ ನಡುವೆ, ಒತ್ತಕ್ಷರದಲ್ಲಿ.

ನುಡಿ ಹೀಗಿದೆ:

ಕತ್ತಲ ಬೀದಿಯ ಸುತ್ತುವ ಹೊತ್ತಲಿ
ಮೆತ್ತಗೆ ಎದೆಯಲಿ ಕುಟ್ಟುವ ಸದ್ದಿದೆ

ಪ್ರತಿ ಪದಕ್ಕೂ ನಾಲ್ಕು ಮಾತ್ರೆ. ಮಾತ್ರೆಗೆ ಅರ್ಧ ಬೀಟ್ ಅಂತ ಲೆಕ್ಕ ಹಾಕಿದರೆ ಒಂದು ಪದಕ್ಕೆ ಎರಡು ಬೀಟ್. 'ಕತ್ತಲ' ತಗೊಳ್ಳಿ. 'ಕತ್' ಒಂದನೇ ಬೀಟ್‌ನಲ್ಲಿ ಶುರು. ನಾಲಿಗೆ ಹಲ್ಲಿಗೆ ಅಂಟಿ, ಉಸಿರು ಕಟ್ಟಿ, ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ 'ತ' ಸಿಡಿಯುವುದು ಸರಿಯಾಗಿ ಎರಡನೇ ಬೀಟ್‌ಗೆ. ಅಲ್ಲಿ ಚಪ್ಪಾಳೆ ಸದ್ದಿದೆ. ಅದಕ್ಕೂ ಮೊದಲು ಬಂದ ಆ ಚೂರು ಮೌನ ಚಪ್ಪಾಳೆಯನ್ನು ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಸುತ್ತುವ, ಮೆತ್ತಗೆ, ಕುಟ್ಟುವ, ಎಲ್ಲದರದ್ದೂ ಇದೇ ಕಥೆ. ಎರಡನೇ ಅಕ್ಷರದ ಪ್ರಾಸ ಅಂತ ಶಾಲೆಯಲ್ಲಿ ಉರು ಹೊಡೆದಿದ್ದೆವಲ್ಲ, ಅದು ಇಲ್ಲಿ ಎರಡನೇ ಬೀಟ್‌ನ ಚಪ್ಪಾಳೆಯಾಗಿ ಬಂದು ಕೂತಿತು. ಹಳೇ ಕವಿಗಳಿಗೆ ಒಂದು 909 ಕೊಡಬೇಕಿತ್ತು.

ಪಲ್ಲವಿಯಲ್ಲಿ ಮಾತ್ರ ಲೆಕ್ಕ ತಪ್ಪಿತು. ಸಾಲು ಇಷ್ಟೇ: 'ದೀಪ ಆರಲಿ ಬಿಡು'. ಎಣಿಸಿದರೆ 9 ಮಾತ್ರೆ. ಬಾರ್‌ನಲ್ಲಿ ಇರುವ ಜಾಗ 8. ಒಂದು ಹೊರಗೆ ಉಳಿಯಿತು. 'ದೀಪವಾರಲಿ' ಅಂತ ಸಂಧಿ ಮಾಡಿದರೂ ಮಾತ್ರೆ ಅಷ್ಟೇ, ಮೇಲಾಗಿ ಪಾಠ ಓದಿದ ಹಾಗೆ. ಸರಿ, ಎರಡು ಬಾರ್‌ಗೆ ಎಳೆದುಬಿಡೋಣ ಅಂದುಕೊಂಡೆ. 'ದೀಪ'ದ 'ಪ'ಗೆ ಒಂದು ಮಾತ್ರೆ ಜಾಸ್ತಿ ಕೊಟ್ಟೆ, 'ಡು'ವನ್ನು ಕೊನೆತನಕ ಎಳೆದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ, ಆ ಮಾತು ಕೊನೆಗೆ.

5, 6: ದನಿ

ಹಾಡಿದ್ದು ಚಿಕ್ಕಪ್ಪನ ಮಗಳು. ಸಂಗೀತ ಕಲಿತವಳು. ಬಟ್ಟೆ ತುಂಬಿದ ಬೀರು ತೆರೆದು, ಅದಕ್ಕೆ ಮುಖ ಮಾಡಿ ನಿಲ್ಲಿಸಿದೆ. ಬೆನ್ನ ಹಿಂದೆ ಒಂದು ದಪ್ಪ ರಗ್ಗು ನೇತುಹಾಕಿದೆ. ಗೋಡೆಯಿಂದ ವಾಪಸ್ ಬರುವ ಸದ್ದು ಬಹಳಷ್ಟು ಹೀಗೇ ಸತ್ತುಹೋಗುತ್ತದೆ. 'ಬಿಡು'ವಿನ 'ಬಿ' ಮೈಕ್‌ಗೆ ಧಪ್ ಅಂತ ಬಡಿಯುತ್ತಿತ್ತು. ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ, 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ಸರಿಹೋಯಿತು.

ಎರಡು ಟೇಕ್ ಆದ ಮೇಲೆ ಅವಳೇ ನಿಲ್ಲಿಸಿದಳು. "ಅಣ್ಣಾ, 'ದೀಪ ಆರಲಿ' ಅಂತ ಒಂದೇ ಉಸಿರಲ್ಲಿ ಹೇಳಿದ್ರೆ 'ದೀಪಾರಲಿ' ಆಗುತ್ತೆ. ಅರ್ಥಾನೇ ಇರಲ್ಲ."

"ನಡುವೆ ಸ್ವಲ್ಪ ಬಿಡಿಸಿ ಹೇಳು."

ಅವಳು 'ಆ' ಮೇಲೆ ಚೂರು ಉಸಿರು ಒತ್ತಿ ಬಿಡಿಸಿದಳು. ಸ್ಪಷ್ಟವಾಗಿತ್ತು. ಅದನ್ನೇ ಇಟ್ಟುಕೊಂಡೆ.

ಆಮೇಲೆ ಪಿಚ್ ತಿದ್ದುವ ಕೆಲಸ. ಆಟೋ-ಟ್ಯೂನ್ 1997ರಲ್ಲಿ ಬಂತು. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಹುಡುಕುವ ಕೆಲಸದಲ್ಲಿದ್ದವರು. ನೆಲದೊಳಗಿಂದ ವಾಪಸ್ ಬರುವ ಅಲೆಗಳನ್ನು ಓದುವ ಗಣಿತವನ್ನೇ ಗಂಟಲಿನ ಅಲೆಗೆ ಹಚ್ಚಿದರು. ಮರುವರ್ಷವೇ ಗಾಯಕಿ ಶೇರ್ ಅವರ 'ಬಿಲೀವ್' ಹಾಡಿನಲ್ಲಿ ಅದರ ವೇಗವನ್ನು ತುದಿಗೆ ತಿರುಗಿಸಿ ದನಿಯನ್ನು ಯಂತ್ರ ಮಾಡಿಬಿಟ್ಟರು. ಹಾಡು ಮಾಡಿದವರು ಗುಟ್ಟು ಬಿಡದೆ, ಅದು ವೋಕೋಡರ್ (ದನಿಯನ್ನು ಸಿಂಥ್‌ನ ಹಾಗೆ ನುಡಿಸುವ ಸಾಧನ) ಪೆಡಲ್‌ನ ಕೆಲಸ ಅಂತ ಮೊದಮೊದಲು ಹೇಳಿಕೊಂಡಿದ್ದರು. ಈಗ ಅದೇ ಸದ್ದು ಡಾನ್ಸ್ ಪಾಪ್‌ನ ಮೈಬಣ್ಣವಾಗಿದೆ.

ನನಗೂ ಆ ಯಂತ್ರದ ದನಿ ಬೇಕಿತ್ತು. ವೇಗ ಸೊನ್ನೆಗೆ ಇಟ್ಟೆ, ಅಂದರೆ ಚೂರೂ ತಡವಿಲ್ಲದೆ ತಿದ್ದುವುದು. ನುಡಿಯಲ್ಲಿ ಅದ್ಭುತವಾಗಿ ಕೂತಿತು. ಪಲ್ಲವಿಯಲ್ಲಿ ಅವಳು 'ಆ' ಮೇಲೆ ಒಂದು ಸಣ್ಣ ಗಮಕ ಎಳೆದಿದ್ದಳು. ಯಂತ್ರಕ್ಕೆ ಗಮಕ ಅಂದರೆ ತಪ್ಪು ಸ್ವರ. ಜಾರುವುದನ್ನೆಲ್ಲ ಮೆಟ್ಟಿಲು ಮಾಡಿತು, ಮೂರು ಮೆಟ್ಟಿಲು, ಟಕ ಟಕ ಟಕ. ಅವಳು ಕೇಳಿ ಮುಖ ಸಿಂಡರಿಸಿದಳು. ಹಾಗಾಗಿ ಆ ಒಂದು ಅಕ್ಷರಕ್ಕೆ ಮಾತ್ರ ತಿದ್ದುವುದನ್ನು ನಿಧಾನ ಮಾಡಿ, ಮಿಕ್ಕಿದ್ದೆಲ್ಲ ಸೊನ್ನೆಯಲ್ಲಿ ಬಿಟ್ಟೆ. ಯಂತ್ರ ಹಾಡುತ್ತಾ ಹಾಡುತ್ತಾ ಒಂದೇ ಒಂದು ಕಡೆ ಮನುಷ್ಯಳಾದ ಹಾಗೆ. ಇಡೀ ಹಾಡಿನಲ್ಲಿ ನನಗೆ ಈಗಲೂ ಹೆಮ್ಮೆ ಇರುವ ಜಾಗ ಅದು.

ದನಿಗೆ 4:1 ಕಂಪ್ರೆಷನ್ ಕೊಟ್ಟು 6 ಡೆಸಿಬೆಲ್ ಎತ್ತಿದೆ. ಎತ್ತಿದಾಗ ಉಸಿರೂ ಮೇಲೆ ಬರುತ್ತದೆ. ಗಮನಿಸಲಿಲ್ಲ.

7ರಿಂದ 9: ಲೀಡು

ಪಲ್ಲವಿಗೆ ದೊಡ್ಡ ಲೀಡ್ (ಮುಂದೆ ನಿಂತು ನುಡಿಯುವ ಸಿಂಥ್ ಸದ್ದು) ಬೇಕಿತ್ತು. ಸೂಪರ್‌ಸಾ ಅನ್ನುತ್ತಾರೆ, 1996ರ ರೋಲ್ಯಾಂಡ್ ಜೆಪಿ-8000 ಸಿಂಥ್‌ನಿಂದ ಬಂದ ಹೆಸರು. ಏಳು ಗರಗಸದ ಅಲೆಗಳನ್ನು ಒಂದಕ್ಕೊಂದು ಚೂರು ಅಪಸ್ವರ ಮಾಡಿ ಒಟ್ಟಿಗೆ ಬಿಡುವುದು. ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತದೆ. ಲ್ಯಾಪ್‌ಟಾಪ್ ಒದ್ದಾಡತೊಡಗಿತು. ಅದಕ್ಕೆ ಲೀಡನ್ನು ಮೊನೊ (ಎಡ ಬಲ ಎರಡರಲ್ಲೂ ಒಂದೇ ಸದ್ದು) ಆಡಿಯೋ ಮಾಡಿಕೊಂಡೆ. ಮಾಡಿದ್ದೇ ತಡ, ಅಗಲ ಹೋಯಿತು. ಸಪ್ಪೆ.

ಎಲ್ಲೋ ನೋಡಿದ್ದ ಒಂದು ಉಪಾಯ ನೆನಪಾಯಿತು. ಟ್ರ್ಯಾಕಿನ ಎರಡು ಕಾಪಿ ಮಾಡು, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳು, ಬಲಗಡೆಯದಕ್ಕೆ ಪೋಲಾರಿಟಿ ತಿರುಗಿಸು, ಅಂದರೆ ಅಲೆಯನ್ನು ತಲೆಕೆಳಗು ಮಾಡು. ಮಾಡಿದೆ. ಹೆಡ್‌ಫೋನ್‌ನಲ್ಲಿ ಲೀಡ್ ತಲೆಯ ಆಚೆ ಎಲ್ಲೋ ಹರಡಿಕೊಂಡಿತು. ಆಹಾ ಅಂದೆ. ಫೈಲ್‌ಗೆ 'ಫೈನಲ್' ಅಂತ ಹೆಸರಿಟ್ಟಿದ್ದು ಆ ರಾತ್ರಿಯೇ.

ಒಂಬತ್ತರಲ್ಲಿ ಮಾಸ್ಟರಿಂಗ್ ಅನ್ನುವ ಹೆಸರಿನಲ್ಲಿ ಸದ್ದಿನ ತುದಿಗಳನ್ನು ಅದುಮುವ ಲಿಮಿಟರ್‌ಗೆ ಹಾಕಿ ಹಿಂಡಿದೆ, −7 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ತನಕ. ಆ ವಿಷಯ ಆಮೇಲೆ.

10: ಹಾಲ್‌ನಲ್ಲಿ

ಗೆಳೆಯನೊಬ್ಬ ಡಿಜೆ. ಒಂದು ಸಂಜೆ ಅವನ ಕಾರ್ಯಕ್ರಮದಲ್ಲಿ ನಡುವೆ ನನ್ನ ಹಾಡು ಸೇರಿಸುತ್ತೇನೆ ಅಂದ. ಡಿಜೆಗಳಿಗೆ ಹಾಡಿನ ಮೊದಲಲ್ಲಿ ಬರೀ ತಾಳ ಬೇಕು, ಹಿಂದಿನ ಹಾಡಿನ ಮೇಲೆ ಕೂರಿಸಲು. 16 ಬಾರ್ ಕಿಕ್ಕು-ಹ್ಯಾಟು ಸೇರಿಸಿ ಹತ್ತನೇ ಫೈಲ್ ಮಾಡಿ ಕೊಟ್ಟೆ. ನಾನು ಹಿಂದೆ ಕಂಬಕ್ಕೆ ಒರಗಿ ನಿಂತೆ. ತಂಗಿ ಪಕ್ಕದಲ್ಲಿ.

ಕಿಕ್ ಬಂತು. ಎದೆಗೆ ಬಡಿಯಿತು. ನುಡಿ ಬಂತು, 'ಕತ್ತಲ'ದ 'ತ್ತ' ಹಾಲಿನ ಕೊನೆತನಕ ಕೇಳಿತು. ಸದ್ದು ಏರುತ್ತಾ ಏರುತ್ತಾ ಪಲ್ಲವಿಗೆ ಬಂತು. ಈಗ ಲೀಡ್ ಬರಬೇಕು, ಗೋಡೆ ಅದುರಬೇಕು.

ಬರಲಿಲ್ಲ.

ಕಿಕ್ಕು, ಬೇಸು, ಚಪ್ಪಾಳೆ, ಅವಳ ದನಿ. ಅಷ್ಟೇ. ಲೀಡ್ ಇರಬೇಕಾದ ಕಡೆ ದೂರದಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ರಿವರ್ಬ್‌ನ (ಕೋಣೆಯ ಮೊಳಗಿನ) ಬಾಲ. ನನ್ನ ಕೈಕಾಲು ತಣ್ಣಗಾದವು. ಡಿಜೆ ಅಲ್ಲಿಂದಲೇ ಕೈಯಲ್ಲಿ 'ಎಲ್ಲೋ ಲೀಡು?' ಅಂತ ಕೇಳಿದ. ನಾನು ಕಂಬದ ಹಿಂದಕ್ಕೆ ಸರಿದೆ.

ಜನ ಮಾತ್ರ ನಿಲ್ಲಲಿಲ್ಲ. ಮೊದಲ ಪಲ್ಲವಿಯಲ್ಲಿ ಆ ಸಾಲು ನಾಲ್ಕು ಸಲ ಬರುತ್ತದೆ. ಮೂರನೇ ಸಲಕ್ಕೆ ಯಾರೋ ಜೊತೆಗೆ ಕೂಗಿದರು. ನಾಲ್ಕನೇ ಸಲಕ್ಕೆ ಮುಂದೆ ನಿಂತಿದ್ದವರೆಲ್ಲ ಕೂಗಿದರು. ಅವರಿಗೆ ಏನೂ ಕಾಣೆಯಾಗಿರಲಿಲ್ಲ ಅಲ್ವಾ? ಅವರು ಕೇಳಿದ್ದ ಹಾಡೇ ಅದು. ನಾನಾಗ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಯಾವಾಗ ಹೋಗುತ್ತೇನೋ ಅಂತ ಕಾಯುತ್ತಿದ್ದೆ.

11, 12: ರಿಪೇರಿ

ರೋಗ ಪತ್ತೆಗೆ ಎರಡು ನಿಮಿಷ ಸಾಕಾಯಿತು. ಹಾಲ್‌ನ ಸ್ಪೀಕರ್‌ಗಳು ಮೊನೊದಲ್ಲಿದ್ದವು. ಎಷ್ಟೋ ಕಡೆ ಹಾಗೇ ಇರುತ್ತದೆ, ಎಡಗಡೆ ನಿಂತವನಿಗೂ ಬಲಗಡೆ ನಿಂತವನಿಗೂ ಒಂದೇ ಹಾಡು ಕೇಳಬೇಕಲ್ಲ. ಎಡ ಬಲ ಎರಡನ್ನೂ ಕೂಡಿಸಿ ಕಳಿಸುತ್ತಾರೆ. ನನ್ನ ಲೀಡ್ ಎಡಗಡೆ ಮೇಲೆ ಹೋದಾಗ ಬಲಗಡೆ ಅಷ್ಟೇ ಕೆಳಗೆ. ಕೂಡಿಸಿದರೆ ಸೊನ್ನೆ. ಕಡಿಮೆಯಾಗುವ ಮಾತಲ್ಲ, ಇಲ್ಲವೇ ಇಲ್ಲ. ಮಾಸ್ಟರ್‌ನಲ್ಲಿ ಮೊನೊ ಗುಂಡಿ ಒತ್ತಿದೆ, ಲೀಡ್ ಮಾಯ. ಎಡ ಬಲದ ಅಲೆಗಳು ಎಷ್ಟು ಹೊಂದುತ್ತವೆ ಅಂತ ತೋರಿಸುವ ಕೊರಿಲೇಷನ್ ಮೀಟರ್ ತೆರೆದು ಲೀಡ್ ಒಂದನ್ನೇ ಹಾಕಿದೆ. ಮುಳ್ಳು −1ಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು. ಹೆಡ್‌ಫೋನ್‌ನಲ್ಲಿ ಎರಡು ಕಿವಿಗೂ ಬೇರೆ ಬೇರೆ ಸದ್ದು ಹೋಗುತ್ತದೆ, ಗಾಳಿಯಲ್ಲಿ ಕೂಡುವುದೇ ಇಲ್ಲ. ಹಾಗಾಗಿ ತಿಂಗಳುಗಟ್ಟಲೆ ಕೇಳಿದರೂ ಗೊತ್ತಾಗುತ್ತಿರಲಿಲ್ಲ. ಆ ಮೊನೊ ಗುಂಡಿ ಮೊದಲ ದಿನದಿಂದ ಅಲ್ಲೇ ಇತ್ತು. ನಾನು ಅದನ್ನು ಹಳೇ ಕಾಲದ್ದು ಅಂದುಕೊಂಡಿದ್ದೆ.

ಹನ್ನೊಂದನೇ ಫೈಲ್‌ನಲ್ಲಿ ಪೋಲಾರಿಟಿ ಸರಿ ಮಾಡಿ, ಅಗಲಕ್ಕೆ ಬಲಗಡೆಯ ಕಾಪಿಯನ್ನು 15 ಮಿಲಿಸೆಕೆಂಡ್ ತಡ ಮಾಡಿದೆ. ಮೊನೊದಲ್ಲಿ ಕೇಳಿದರೆ ಲೀಡ್ ಇದೆ, ಆದರೆ ಪೈಪಿನೊಳಗಿಂದ ಬಂದ ಹಾಗೆ. 15 ಮಿಲಿಸೆಕೆಂಡ್ ತಡವಾದ ಅಲೆ ಮೂಲದ ಜೊತೆ ಕೂಡಿದಾಗ 33, 100, 167 ಹರ್ಟ್ಸ್, ಹೀಗೆ ಸುಮಾರು 67ಕ್ಕೊಂದರಂತೆ ಉದ್ದಕ್ಕೂ ತೂತು ಬೀಳುತ್ತವೆ. ಬಾಚಣಿಗೆ ಎಳೆದ ಹಾಗೆ. ಇದೂ ಬೇಡ.

ಹನ್ನೆರಡರಲ್ಲಿ ಅಡ್ಡದಾರಿ ಬಿಟ್ಟೆ. ಸಿಂಥ್‌ಗೆ ವಾಪಸ್ ಹೋಗಿ ಏಳು ಅಲೆಗಳನ್ನೇ ಎಡಬಲಕ್ಕೆ ಹರಡಿ, ಈ ಸಲ ಸ್ಟೀರಿಯೋದಲ್ಲೇ ಆಡಿಯೋ ಮಾಡಿದೆ. ಪ್ರತಿ ಅಲೆಯೂ ಬೇರೆ ಶ್ರುತಿಯಲ್ಲಿರುವುದರಿಂದ ಕೂಡಿಸಿದರೂ ಒಂದನ್ನೊಂದು ಪೂರ್ತಿ ತಿನ್ನುವುದಿಲ್ಲ. ಅದರ 300 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ನಡುವಿಗೆ ತಂದೆ. ಮುಳ್ಳು ಸೊನ್ನೆ ದಾಟಿ ಪ್ಲಸ್ ಕಡೆಗೆ ಬಂತು. ಮೊನೊ ಒತ್ತಿದರೂ ಲೀಡ್ ನಿಂತಿತು.

ಇದೇ ಹೊತ್ತಿಗೆ ಫೋನ್‌ನಲ್ಲೂ ಕೇಳಿ ನೋಡಿದೆ. ಬೇಸ್ ಪತ್ತೆಯೇ ಇಲ್ಲ. ಫೋನ್‌ನ ಆ ಚಿಕ್ಕ ಸ್ಪೀಕರ್ 43 ಹರ್ಟ್ಸ್ ಎಲ್ಲಿಂದ ತರಬೇಕು? ಬೇಸ್‌ಗೆ ಸ್ವಲ್ಪ ಸ್ಯಾಚುರೇಷನ್ (ಅಲೆಯನ್ನು ಚೂರು ಒರಟು ಮಾಡುವುದು) ಕೊಟ್ಟೆ. ಆಗ 87, 131, 175, 218 ಹರ್ಟ್ಸ್‌ನಲ್ಲಿ, ಇನ್ನೂ ಮೇಲೆ ಕೂಡ, ಅದರ ಮರಿಗಳು ಹುಟ್ಟುತ್ತವೆ. ಮೇಲಿನವನ್ನು ಫೋನ್ ಹೇಗೋ ನುಡಿಸುತ್ತದೆ. ಮರಿಗಳು ಕೇಳಿದರೆ ಸಾಕು, ತಾಯಿ ಇದೆ ಅಂತ ತಲೆ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇಲ್ಲದ ಸ್ವರವನ್ನು ಕೇಳಿಸುವ ಈ ಮೋಸ ಎಷ್ಟು ಸಲ ಮಾಡಿದರೂ ನನಗೆ ಮಜಾ.

13, 14: ಬೇಡದ ಲೀಡು

ಹನ್ನೆರಡನೇ ಫೈಲ್ ತಗೊಂಡು ಮತ್ತೆ ಅದೇ ಗೆಳೆಯನ ಹತ್ತಿರ ಹೋದೆ. ಮತ್ತೊಂದು ಕಾರ್ಯಕ್ರಮ. ಈ ಸಲ ಕಂಬದ ಹಿಂದೆ ನಿಲ್ಲಲಿಲ್ಲ. ಪಲ್ಲವಿ ಬಂತು, ಲೀಡ್ ಬಂತು, ಗೋಡೆ ಅದುರಿತು. ಜನ ಕುಣಿದರು. ಆದರೆ ಯಾರೂ ಕೂಗಲಿಲ್ಲ.

ನಾಲ್ಕನೇ ಸಲವೂ ಇಲ್ಲ. ಎರಡನೇ ಪಲ್ಲವಿಯಲ್ಲೂ ಇಲ್ಲ.

ಮುಗಿದ ಮೇಲೆ ಡಿಜೆ ಕೇಬಲ್ ಸುತ್ತುತ್ತಾ ಹೇಳಿದ, "ಹಳೇದೇ ಚೆನ್ನಾಗಿತ್ತು ಮಗಾ."

"ಅದು ಕೆಟ್ಟುಹೋಗಿದ್ದ ಫೈಲು ಕಣೋ!"

"ಇರ್ಬೋದು. ಜನ ಹಾಡಿದ್ರಲ್ಲ."

ನನಗೆ ಸಿಟ್ಟು ಬಂತು. ಮೂರು ರಾತ್ರಿ ಕೂತು ಮಾಡಿದ ರಿಪೇರಿ. ಆದರೂ ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಕೇಳಿದೆ. ಸೂಪರ್‌ಸಾ ಕೂತಿರುವುದು 1ರಿಂದ 4 ಸಾವಿರ ಹರ್ಟ್ಸ್‌ನಲ್ಲಿ. ಮಾತಿನ ಅಕ್ಷರಗಳು ತಿಳಿಯುವುದೂ ಅಲ್ಲೇ. ಲೀಡ್ ಬಂದ ತಕ್ಷಣ 'ದೀಪ'ದ 'ದೀ' ಹಿಂದಕ್ಕೆ ಹೋಗುತ್ತಿತ್ತು. ಕೇಳಿಸದ ಮಾತನ್ನು ಯಾರು ಕೂಗುತ್ತಾರೆ? ಕೂಗಲು ಜಾಗವಾದರೂ ಎಲ್ಲಿತ್ತು? ಆ ಜಾಗವನ್ನೆಲ್ಲ ನಾನೇ ಜೇನುಹುಳ ಬಿಟ್ಟು ತುಂಬಿಸಿದ್ದೆ.

ಹದಿಮೂರರಲ್ಲಿ ರಾಜಿ ಮಾಡಿಕೊಂಡೆ. ದನಿ ಬಂದಾಗ ಲೀಡ್ 4 ಡೆಸಿಬೆಲ್ ತಗ್ಗುವ ಹಾಗೆ ಸೈಡ್‌ಚೈನ್ ಹಾಕಿದೆ. ರಾಜಿ ಅಂದಮೇಲೆ ಗೊತ್ತಲ್ಲ, ಅತ್ತ ಲೀಡೂ ಇಲ್ಲ, ಇತ್ತ ದನಿಯೂ ಇಲ್ಲ. ಹದಿನಾಲ್ಕರಲ್ಲಿ ಗಟ್ಟಿ ಮನಸ್ಸು ಮಾಡಿ ಮೊದಲ ಪಲ್ಲವಿಯಿಂದ ಲೀಡನ್ನು ಪೂರ್ತಿ ತೆಗೆದುಹಾಕಿದೆ. ಕೆಟ್ಟ ಫೈಲ್‌ನಲ್ಲಿ ಇದ್ದ ಹಾಗೇ ಕಿಕ್ಕು, ಬೇಸು, ಚಪ್ಪಾಳೆ, ದನಿ. ಆ ಸೊಳ್ಳೆ ಗುಂಯ್ ಕೂಡ ಬೇಕು ಅನ್ನಿಸಿ ರಿವರ್ಬ್‌ನ ಬಾಲವನ್ನು ಮಾತ್ರ ಉಳಿಸಿಕೊಂಡೆ. ಎರಡನೇ ಪಲ್ಲವಿಯಲ್ಲಿ ಸಾಲುಗಳ ನಡುವಿನ ಬಿಡುವಿನಲ್ಲಿ ಮಾತ್ರ ಲೀಡ್ ಉತ್ತರ ಕೊಡುತ್ತದೆ. ಕೊನೆಯದರಲ್ಲಿ ಎಲ್ಲವೂ. ಅಷ್ಟು ಹೊತ್ತಿಗೆ ಮಾತು ಜನರಿಗೆ ಬಾಯಿಪಾಠ ಆಗಿರುತ್ತದೆ, ಮುಚ್ಚಿಹೋದರೂ ಪರವಾಗಿಲ್ಲ.

ಲೌಡ್‌ನೆಸ್ ಕೂಡ ಇಲ್ಲೇ ಸರಿ ಮಾಡಿದೆ. −7ಕ್ಕೆ ಹಿಂಡಿ ಕಳಿಸಿದರೆ ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ −14ಕ್ಕೆ ಇಳಿಸಿಯೇ ನುಡಿಸುತ್ತದೆ. ಹಿಂಡುವಾಗ ಕಿಕ್‌ನ ತಲೆ ಸವೆದಿರುತ್ತದೆ, ಇಳಿಸಿದ ಮೇಲೆ ಉಳಿಯುವುದು ತಲೆ ಇಲ್ಲದ ಕಿಕ್. ಸುಮ್ನೆ ನಷ್ಟ. −9ಕ್ಕೆ ನಿಲ್ಲಿಸಿದೆ, ಟ್ರೂ ಪೀಕ್ (ಅಲೆಯ ಅತಿ ಎತ್ತರದ ತುದಿ) −1 ಡೆಸಿಬೆಲ್.

ಎರಡು ಆವೃತ್ತಿ ಬಿಟ್ಟೆ. ಡಿಜೆಗಳಿಗೆ ಉದ್ದದ್ದು. ಈ ಅಭ್ಯಾಸ 1970ರ ದಶಕದ್ದು. ಮೂರು ನಿಮಿಷಕ್ಕೆ ಹಾಡು ಮುಗಿದು ಕುಣಿತ ಒಡೆಯುವುದನ್ನು ನೋಡಿ ಅಮೆರಿಕದ ರೀಮಿಕ್ಸ್‌ಗಾರ ಟಾಮ್ ಮೌಲ್ಟನ್ ಹಾಡುಗಳನ್ನು ಹಿಗ್ಗಿಸತೊಡಗಿದರು, 12 ಇಂಚಿನ ಸಿಂಗಲ್ ಬಂದದ್ದು ಅದರ ಹಿಂದೆಯೇ. ಫೋನ್‌ನಲ್ಲಿ ಕೇಳುವವರಿಗೆ ಮಾತ್ರ 16 ಬಾರ್ ಬರೀ ತಾಳ ಅಂದರೆ 31 ಸೆಕೆಂಡ್ ಕಾಯಬೇಕು. ಸ್ಪಾಟಿಫೈ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದರು ಅಂತ ಎಣಿಸುತ್ತದೆ. ನನ್ನ ತಂಗಿ ಬಾಯಿ ತೆರೆಯುವ ಮೊದಲೇ ಲೆಕ್ಕ ಮುಗಿದಿರುತ್ತದೆ! ಸಣ್ಣ ಆವೃತ್ತಿ ಅವಳ ದನಿಯಿಂದಲೇ ಶುರುವಾಗುತ್ತದೆ.

ದೀಪಾ

ಮೂರನೇ ಕಾರ್ಯಕ್ರಮದಲ್ಲಿ ಹದಿನಾಲ್ಕನೇ ಫೈಲ್. ಮೊದಲ ಪಲ್ಲವಿಯ ಎರಡನೇ ಸಲಕ್ಕೇ ಕೂಗಿದರು. ನಾನು ಈ ಸಲ ನಡುವೆಯೇ ನಿಂತಿದ್ದೆ, ಹಾಗಾಗಿ ಏನು ಕೂಗುತ್ತಿದ್ದಾರೆ ಅಂತ ಮೊದಲ ಬಾರಿ ಸರಿಯಾಗಿ ಕೇಳಿತು.

'ದೀಪಾ, ಹಾರಲಿ ಬಿಡು!'

ಮತ್ತೆ ಕಿವಿಗೊಟ್ಟೆ. ಅನುಮಾನವೇ ಇಲ್ಲ. ದೀಪಾ ಅನ್ನುವ ಹುಡುಗಿ, ಏನನ್ನೋ ಹಾರಲು ಬಿಡಬೇಕಂತೆ. ಗಾಳಿಪಟವೋ, ಹಕ್ಕಿಯೋ, ದುಪಟ್ಟವೋ. ಪಕ್ಕದಲ್ಲಿದ್ದ ಹುಡುಗ 'ಹಾರಲಿ' ಅಂದಾಗಲೆಲ್ಲ ಎರಡು ಕೈಯನ್ನೂ ಮೇಲೆ ಎಸೆಯುತ್ತಿದ್ದ. ಸುತ್ತಲಿನವರೂ ಶುರು ಮಾಡಿದರು. ಒಟ್ಟಿಗೆ ಕೈ ಎಸೆಯಲು ಅದಕ್ಕಿಂತ ಒಳ್ಳೆಯ ಬೀಟ್ ಇಡೀ ಹಾಡಿನಲ್ಲಿಲ್ಲ.

ಮನೆಗೆ ಬಂದು ಆ ಎರಡು ಬಾರ್‌ಗಳನ್ನು ಸೋಲೋ ಮಾಡಿ ಕೇಳಿದೆ. ಜನರ ತಪ್ಪೇನಿಲ್ಲ. ಉಳಿದ ಒಂದು ಮಾತ್ರೆಗಾಗಿ 'ಪ' ಎಳೆದದ್ದು ನಾನು, ಅದು 'ಪಾ' ಆಯಿತು, ದೀಪ ದೀಪಾ ಆದಳು. ಸಂಧಿ ತಪ್ಪಿಸಲು 'ಆ' ಮೇಲೆ ಉಸಿರು ಒತ್ತಿದವಳು ತಂಗಿ. ಆ ಉಸಿರನ್ನು 6 ಡೆಸಿಬೆಲ್ ಎತ್ತಿದ್ದು ನನ್ನ ಕಂಪ್ರೆಸರ್. 'ಆರಲಿ' 'ಹಾರಲಿ' ಆಯಿತು. 'ಹ'ಕಾರ ನುಂಗುವುದು ನಮ್ಮ ಮಾತಿನಲ್ಲಿ ಹೊಸದಲ್ಲ, ಹಾಲು ಆಲಾಗುವುದನ್ನು ಕೇಳಿ ಬೆಳೆದ ಕಿವಿ, 'ಆ' ಕೇಳಿದರೂ 'ಹಾ' ಸೇರಿಸಿಕೊಳ್ಳಲು ಸದಾ ತಯಾರು. ಇನ್ನು ಇಲ್ಲಿ ಉಸಿರೂ ಇದೆ.

ಹಾಡು ಹೊರಬಂದ ಮೇಲೆ ಬಂದ ಮೆಸೇಜುಗಳಲ್ಲಿ ಕಿಕ್ ಬಗ್ಗೆ ಒಂದೂ ಇಲ್ಲ. 190 ಮಿಲಿಸೆಕೆಂಡ್ ಬಗ್ಗೆ ಇಲ್ಲ. ಗಮಕದ ಜಾಗವನ್ನು ಒಬ್ಬರು ಗುರುತಿಸಿದರು, ಅಲ್ಲಿ ಏನೋ ಎಡವಟ್ಟಾಗಿದೆ, ಸರಿ ಮಾಡಿ ಅಂತ. ಉಳಿದವರದ್ದೆಲ್ಲ ಒಂದೇ ಪ್ರಶ್ನೆ, ದೀಪಾ ಯಾರು? ತಂಗಿಯ ಗೆಳತಿಯರಂತೂ ನನ್ನ ಹಳೇ ಪ್ರೇಮ ಕಥೆಯೊಂದನ್ನು ತಾವೇ ಕಟ್ಟಿಕೊಂಡಿದ್ದಾರೆ. ಅದರಲ್ಲಿ ದೀಪಾ ಬೇರೆ ದೇಶಕ್ಕೆ ಹೋಗಿದ್ದಾಳಂತೆ, ಅದಕ್ಕೇ ಹಾರಲಿ ಬಿಡು.

ತಿದ್ದುವುದು ಕಷ್ಟವಲ್ಲ. ಆ ಉಸಿರಿನ ಜಾಗದಲ್ಲಿ 60 ಮಿಲಿಸೆಕೆಂಡ್ ವಾಲ್ಯೂಮ್ ಇಳಿಸಿದರೆ 'ಹ' ಹೋಗುತ್ತದೆ. ಮಾಡಿ ನೋಡಿದೆ. 'ಆರಲಿ' ಸ್ಪಷ್ಟವಾಗಿ ಕೇಳಿತು. ಆಮೇಲೆ ಸೇವ್ ಮಾಡದೆ ಮುಚ್ಚಿದೆ.

ಮೊನ್ನೆ ವೇದಿಕೆಯ ಮೇಲೆ ಹಾಡಲು ಅಭ್ಯಾಸ ಮಾಡುತ್ತಿದ್ದೆವು. ತಂಗಿ ಪಲ್ಲವಿಗೆ ಬಂದವಳೇ ಕೈ ಮೇಲೆತ್ತಿ ಗಟ್ಟಿಯಾಗಿ 'ಹಾರಲಿ' ಅಂದಳು. ನಾನು ಟ್ರ್ಯಾಕ್ ನಿಲ್ಲಿಸಿದೆ.

"ನಾನು ಬರೆದಿದ್ದು 'ಆರಲಿ' ಕಣೇ."

"ಕೈ ಎತ್ತೋವಾಗ 'ಆರಲಿ' ಅಂದ್ರೆ ಚೆನ್ನಾಗಿರಲ್ಲ ಅಣ್ಣಾ. ಮೊದಲಿಂದ ಹಾಕು."

ಮೊದಲಿಂದ ಹಾಕಿದೆ. ರೆಕಾರ್ಡ್ ಗುಂಡಿಯನ್ನೂ ಒತ್ತಿದೆ. ಫೋಲ್ಡರ್‌ನಲ್ಲಿ ಹದಿನೈದನೆಯದು ಅದೇ ಆಗುವ ಹಾಗಿದೆ.